ರೋಬೋ ಬಣ್ಣ, ಚಿಪ್ಪಿನ ಇದ್ದಿಲು

ಪ್ಲಾಸ್ಟಿಕ್ ರೋಬೋ ಮಾದರಿಗೆ ಸ್ಪ್ರೇ ಬಣ್ಣ ಹೊಡೆಯಲು ಕೂರುವವರು ಮೂಗು, ಬಾಯಿ ಎರಡನ್ನೂ ಮುಚ್ಚುವ ರಬ್ಬರಿನ ಮುಖವಾಡ ಹಾಕಿಕೊಳ್ಳುತ್ತಾರೆ. ಅದರ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಡಬ್ಬಿ ಇರುತ್ತದೆ. ಡಬ್ಬಿ ಬಿಚ್ಚಿದರೆ ಒಂದೆರಡು ಮಿಲಿಮೀಟರ್ ಗಾತ್ರದ ಕಪ್ಪು ಹರಳುಗಳು ಕಾಣುತ್ತವೆ. ಇಂಥ ಬಹಳಷ್ಟು ಡಬ್ಬಿಗಳಲ್ಲಿ ತುಂಬಿರುವುದು ತೆಂಗಿನ ಚಿಪ್ಪನ್ನು ಸುಟ್ಟು, ಹದ ಮಾಡಿದ ಇದ್ದಿಲು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೆ ಹರವಿ ಹೋಳು ಕೊಬ್ಬರಿ ಮಾಡುತ್ತಾರೆ. ಇಲ್ಲಿನ ಪದ್ಧತಿಯೇ ಬೇರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷ ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಬಯಲುಸೀಮೆಯ ಒಣಹವೆ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಆಮೇಲೆ ಮಟ್ಟೆ ಸುಲಿದು, ಚಿಪ್ಪನ್ನು ತಟ್ಟಿ ಬಿಡಿಸಿ, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆದು ತಿಪಟೂರಿನ ಎಪಿಎಂಸಿ ಹರಾಜಿಗೆ ಸಾಗಿಸುತ್ತಾರೆ. ಹಿಂದೆ ಉಳಿಯುವ ಚಿಪ್ಪು ಪೂರ್ತಿ ಬಲಿತದ್ದು, ಪೂರ್ತಿ ಒಣಗಿದ್ದು. ಇದ್ದಿಲಿಗೆ ಬೇಕಾದದ್ದೂ ಅಂಥದ್ದೇ.

ಈ ಬರಹ ರೋಬೋ ಮಾದರಿ ಜೋಡಿಸಿ ಬಣ್ಣ ಹಚ್ಚುವ ಹವ್ಯಾಸದ್ದು. ಪಾಲಿಮರ್‌ಗಳ ರಸಾಯನವನ್ನು ಇಷ್ಟು ಹತ್ತಿರದಿಂದ, ಬೆರಳಿಗೆ ತಾಗುವ ಹಾಗೆ ಕಲಿಸುವ ಇನ್ನೊಂದು ಹವ್ಯಾಸ ನನಗೆ ಕಂಡಿಲ್ಲ. ತೆಂಗಿನ ಸೀಮೆಯಲ್ಲಿ ಬೆಳೆದವರಿಗಂತೂ ಅದರ ಅರ್ಧ ಪಾಠ ಮನೆಯ ಅಟ್ಟದಲ್ಲಿ, ಎಣ್ಣೆ ಬಾಟಲಿಯಲ್ಲಿ, ಬಚ್ಚಲ ಒಲೆಯಲ್ಲಿ ಮೊದಲೇ ಸಿಕ್ಕಿರುತ್ತದೆ.

ಇಂಥ ಮಾದರಿಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಜಪಾನಿನ ‘ಗಂಡಮ್’. 1979ರ ಏಪ್ರಿಲ್‌ನಲ್ಲಿ ಅಲ್ಲಿನ ಟಿವಿಯಲ್ಲಿ ಈ ಕಾರ್ಟೂನ್ ಧಾರಾವಾಹಿ ಶುರುವಾಯಿತು. ನಿರ್ದೇಶಕ ಯೋಶಿಯುಕಿ ತೊಮಿನೊ. ಯಂತ್ರಗಳಿಗೆ ರೂಪ ಕೊಟ್ಟವರು ಕುನಿಯೊ ಒಕಾವಾರಾ. ಮೊದಲ ಪ್ರಸಾರಕ್ಕೆ ನೋಡುಗರು ಕಡಿಮೆ. ಮರುಪ್ರಸಾರದ ಹೊತ್ತಿಗೆ, 1980ರ ಜುಲೈನಲ್ಲಿ, ಬಂದಾಯ್ ಕಂಪನಿ 300 ಯೆನ್ ಬೆಲೆಗೆ ಮೊದಲ ಗಂಡಮ್ ಕಿಟ್ ಮಾರುಕಟ್ಟೆಗೆ ತಂದಿತು. ಕಥೆಯ ರೋಬೋ 18 ಮೀಟರ್ ಎತ್ತರ. ಕಿಟ್‌ನ ಅಳತೆ 144ಕ್ಕೆ 1. ಭಾಗಿಸಿದರೆ ಹನ್ನೆರಡೂವರೆ ಸೆಂಟಿಮೀಟರ್ ಬರುತ್ತದೆ. ಆಗಿನ ಕಿಟ್‌ಗೆ ಅಂಟೂ ಬೇಕಿತ್ತು, ಬಣ್ಣವೂ ಬೇಕಿತ್ತು. ಈಗಿನವು ಅಂಟಿಲ್ಲದೆ ಒತ್ತಿದರೆ ಕೂರುತ್ತವೆ, ಭಾಗಗಳು ಆಯಾ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತವೆ. ಹಾಗಿದ್ದರೂ ಬಣ್ಣ ಹಚ್ಚುವವರು ಹಚ್ಚುತ್ತಲೇ ಇದ್ದಾರೆ. ನಮ್ಮಲ್ಲಿ ಇವುಗಳ ಬೆಲೆ ಜಪಾನಿಗಿಂತ ಬಹಳ ಹೆಚ್ಚು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದು ಅದಕ್ಕೊಂದು ಕಾರಣ.

ಪೆಟ್ಟಿಗೆ ತೆರೆದರೆ ಚೌಕಟ್ಟುಗಳು ಸಿಗುತ್ತವೆ. ಪೆನ್ಸಿಲ್‌ಗಿಂತ ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಗಳ ನಡುವೆ ರೋಬೋವಿನ ಕೈ, ಕಾಲು, ಕೀಲು, ಕೊಂಬುಗಳು ಅಂಟಿಕೊಂಡಿರುತ್ತವೆ. ಕಡ್ಡಿಗೆ ರನ್ನರ್ ಎನ್ನುತ್ತಾರೆ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದ ಕಾಲುವೆ ಅದು. ಭಾಗಕ್ಕೂ ರನ್ನರ್‌ಗೂ ನಡುವಿನ ಕಿರಿದಾದ ಕೊರಳು ಗೇಟ್. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಉಕ್ಕಿನ ಅಚ್ಚಿಗೆ ಭಾರೀ ಒತ್ತಡದಲ್ಲಿ ನುಗ್ಗಿಸಿ, ಕೆಲವೇ ಸೆಕೆಂಡುಗಳಲ್ಲಿ ತಣಿಸಿ ತೆಗೆಯುತ್ತಾರೆ.

ಪಾಲಿಸ್ಟೈರೀನೇ ಯಾಕೆ? ಡಿಸೆಂಬರ್‌ನ ಬೆಳಗ್ಗೆ ತಿಪಟೂರಿನ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಮೇಲ್ಭಾಗ ನಡುವೆ ಕುಸಿದು ಗುಳಿ ಬಿದ್ದಿರುತ್ತದೆ. 24–25 ಡಿಗ್ರಿಗಿಂತ ಕೆಳಗಿಳಿದಾಗ ಎಣ್ಣೆಯ ಅಣುಗಳು ಒತ್ತೊತ್ತಾಗಿ ಸಾಲುಗಟ್ಟಿ ಹರಳಾಗುತ್ತವೆ. ಸಾಲುಗಟ್ಟಿದರೆ ಕಡಿಮೆ ಜಾಗ ಸಾಕು, ಆದ್ದರಿಂದ ಕುಗ್ಗುತ್ತದೆ. ಪಾಲಿಥೀನ್ ಕೂಡ ಹೀಗೆ ಭಾಗಶಃ ಹರಳಾಗುವ ಜಾತಿಯದು; ಅಚ್ಚಿನಲ್ಲಿ ತಣಿಯುವಾಗ ಶೇ. 2ರಷ್ಟೋ ಅದಕ್ಕೂ ಹೆಚ್ಚೋ ಕುಗ್ಗುತ್ತದೆ. ಪಾಲಿಸ್ಟೈರೀನಿನ ಉದ್ದನೆಯ ಸರಪಳಿಗಳಿಗೆ ಪಕ್ಕದಲ್ಲಿ ಬೆಂಜೀನ್ ಉಂಗುರಗಳು ಅಡ್ಡಾದಿಡ್ಡಿ ತಗುಲಿಕೊಂಡಿರುವುದರಿಂದ ಅವಕ್ಕೆ ಸಾಲುಗಟ್ಟಲು ಬರುವುದೇ ಇಲ್ಲ. ಸಿಕ್ಕುಗಟ್ಟಿದ ಹಾಗೆಯೇ, 100 ಡಿಗ್ರಿಯ ಆಸುಪಾಸಿನಲ್ಲಿ, ಸೆಟೆದು ನಿಲ್ಲುತ್ತವೆ. ಕುಗ್ಗುವುದು ಶೇ. ಅರ್ಧದಷ್ಟು ಮಾತ್ರ. ಹತ್ತು ಸೆಂಟಿಮೀಟರ್ ಉದ್ದದ ಭಾಗದಲ್ಲಿ ಅದು ಅರ್ಧ ಮಿಲಿಮೀಟರ್, ಪಾಲಿಥೀನಾಗಿದ್ದರೆ ಎರಡು. ಅಂಟಿಲ್ಲದೆ ಗೂಟವೊಂದು ತೂತಿನಲ್ಲಿ ಬಿಗಿಯಾಗಿ ಕೂರಬೇಕಾದರೆ ಈ ವ್ಯತ್ಯಾಸವೇ ಎಲ್ಲ. ಜಾರಿ ತಿರುಗಬೇಕಾದ ಕೀಲಿನ ಬಿಲ್ಲೆಗಳಿಗೆ ಮಾತ್ರ ಮೆತ್ತನೆಯ ಪಾಲಿಥೀನ್ ಬಳಸುವುದುಂಟು. ಪಾಲಿಸ್ಟೈರೀನಿನಲ್ಲೂ ಭಾಗ ತೀರಾ ದಪ್ಪವಿದ್ದ ಕಡೆ ಒಳಗಿನದು ತಡವಾಗಿ ತಣಿದು ಮೇಲ್ಮೈಯನ್ನು ಒಳಗೆಳೆಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣ ತಗ್ಗು ಕಾಣುತ್ತದೆ. ಎಣ್ಣೆ ಬಾಟಲಿಯ ಗುಳಿಯ ಹಾಗೆಯೇ ಅದೂ ಕುಗ್ಗಿದ್ದರ ಗುರುತು.

ಇಡೀ ಕಿಟ್‌ನ ಬುದ್ಧಿವಂತಿಕೆ ಇರುವುದು ಅಚ್ಚಿನಲ್ಲಿ. ಉಕ್ಕಿನ ಎರಡು ಮುಖಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಬೇಕು, ಕರಗಿದ ಪ್ಲಾಸ್ಟಿಕ್ ಎಲ್ಲ ಮೂಲೆಗೂ ಏಕಕಾಲಕ್ಕೆ ತಲುಪಬೇಕು, ತಣಿದ ಭಾಗ ಮುರಿಯದೆ ಹೊರಬರಬೇಕು. ಇಂಥ ಅಚ್ಚು ಮಾಡುವ ವಿದ್ಯೆ ಕಲಿಯಲು ಜಪಾನಿಗೆ ಹೋಗಬೇಕಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ ಕಲಿಸುತ್ತದೆ. ಮೈಸೂರಿನ ಸಿಪೆಟ್ ಸಂಸ್ಥೆ ಪ್ಲಾಸ್ಟಿಕ್ ತಂತ್ರಜ್ಞಾನಕ್ಕೇ ಮೀಸಲು. ರೋಬೋ ಕಿಟ್ ಕೈಗೆತ್ತಿಕೊಂಡ ಹುಡುಗ, ಹುಡುಗಿಯರಿಗೆ ಇವೆರಡರ ಹೆಸರು ಗೊತ್ತಿರಲಿ.

ಈಗ ಒಂದು ಭಾಗ ಕತ್ತರಿಸೋಣ. ನಿಪ್ಪರ್ ಎಂಬ ಸಣ್ಣ ಕತ್ತರಿಯನ್ನು ನೇರ ಭಾಗದ ಬುಡಕ್ಕೇ ಇಟ್ಟು ಒತ್ತಿದಿರೋ, ಕಡುನೀಲಿ ಪ್ಲಾಸ್ಟಿಕ್‌ನ ಮೇಲೆ ಬೆಳ್ಳನೆಯ ಮಚ್ಚೆ ಉಳಿದುಬಿಡುತ್ತದೆ. ಅದು ಬಣ್ಣ ಹೋದದ್ದಲ್ಲ. ಎಳೆತಕ್ಕೆ ಸಿಕ್ಕ ಸರಪಳಿಗಳು ಒಂದರಿಂದೊಂದು ಸರಿದು ನಡುವೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಟೊಳ್ಳುಗಳಾಗಿವೆ. ಆ ಟೊಳ್ಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ಅದಕ್ಕೇ ಪಳಗಿದವರು ಎರಡು ಸಲ ಕತ್ತರಿಸುತ್ತಾರೆ. ಮೊದಲು ಭಾಗದಿಂದ ದೂರ, ಗೇಟಿನ ತುಂಡು ಉಳಿಯುವಂತೆ. ಆಮೇಲೆ ಬಿಡಿಭಾಗವನ್ನು ಕೈಯಲ್ಲಿ ಹಿಡಿದು, ಹರಿತವಾದ ಬ್ಲೇಡಿನಿಂದ ತುಂಡನ್ನು ಪದರ ಪದರವಾಗಿ ಸವರಿ. ಕೊನೆಯ ಅರ್ಧ ಮಿಲಿಮೀಟರನ್ನು ಉಪ್ಪುಕಾಗದಕ್ಕೆ ಬಿಡಬೇಕು. ಎಳೆತ ಭಾಗದ ಮೈಗೆ ತಲುಪದಂತೆ ನೋಡಿಕೊಳ್ಳುವುದೇ ಇಲ್ಲಿನ ಕೈಚಳಕ.

ಉಪ್ಪುಕಾಗದದ ಕೆಲಸಕ್ಕೆ ತಾಳ್ಮೆ ಬೇಕು, ಯಾಕೆಂದರೆ ಅದು ಬೆಳಕಿನೊಡನೆ ನಡೆಸುವ ವ್ಯವಹಾರ. 400 ನಂಬರಿನ ಕಾಗದದ ಕಣ 35 ಮೈಕ್ರಾನ್, 1000ದ್ದು 18, 2000ದ್ದು 10. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಒಂದು ಮೈಕ್ರಾನಿಗಿಂತ ಕಡಿಮೆ, 0.4ರಿಂದ 0.7. ಮೈಮೇಲಿನ ಗೀರು ಈ ಅಳತೆಗಿಂತ ಆಳವಾಗಿದ್ದಷ್ಟು ಕಾಲ ಬೆಳಕು ಚೆದುರಿ ಮೇಲ್ಮೈ ಮಂಕಾಗಿರುತ್ತದೆ. ಗೀರು ಅದಕ್ಕಿಂತ ಸಣ್ಣದಾದಾಗ ಹೊಳಪು ಬರುತ್ತದೆ. ತುರುವೇಕೆರೆಯ ಗಂಗಾಧರೇಶ್ವರ ದೇವಸ್ಥಾನದ ಕಪ್ಪು ಕಲ್ಲಿನ ನಂದಿ ಇವತ್ತಿಗೂ ಹೊಳಪಿಗೆ ಹೆಸರಾಗಿದೆ. ಒರಟಿನಿಂದ ನಯಕ್ಕೆ, ಒಂದು ಹಂತವನ್ನೂ ಹಾರಿಸದೆ ಉಜ್ಜದಿದ್ದರೆ ಕಲ್ಲಿಗಾದರೂ ಪ್ಲಾಸ್ಟಿಕ್ಕಿಗಾದರೂ ಅಂಥ ಮೈ ಬರುವುದಿಲ್ಲ. 400ರಿಂದ ನೇರ 2000ಕ್ಕೆ ಜಿಗಿದರೆ ಹಳೆಯ ಆಳದ ಗೀರುಗಳ ಮೇಲೆ ಸಣ್ಣ ಗೀರುಗಳು ಕೂರುತ್ತವೆ, ಅಷ್ಟೇ.

ಬಣ್ಣಕ್ಕೆ ಮುಂಚೆ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ಕಿಟ್ ಮುಟ್ಟುವ ಊರಿನಲ್ಲಿ ಇದನ್ನು ಒತ್ತಿ ಹೇಳಬೇಕು. ಬಣ್ಣ ಹಿಡಿಯದಿರುವುದು ಚಿಕ್ಕ ತೊಂದರೆ. ದೊಡ್ಡದು ಬೇರೆಯಿದೆ: ಎಳೆತದಲ್ಲಿರುವ ಪಾಲಿಸ್ಟೈರೀನಿಗೆ ಎಣ್ಣೆ, ಕೊಬ್ಬು ಸೋಕಿದರೆ ಅದರ ಅಣುಗಳು ಸರಪಳಿಗಳ ನಡುವೆ ನುಸುಳಿ ಹಿಡಿತ ಸಡಿಲಿಸುತ್ತವೆ, ದಿನಗಳೆದಂತೆ ಬಿರುಕು ಬಿಡುತ್ತದೆ. ಫ್ರಿಜ್‌ಗಳ ಒಳಮೈಗೆ ಇದೇ ಕುಲದ ಪ್ಲಾಸ್ಟಿಕ್ ಬಳಸುವ ತಯಾರಕರು ಅಡುಗೆಮನೆಯ ಜಿಡ್ಡಿಗೆ ಅದು ಸೀಳದಂತೆ ನೋಡಿಕೊಳ್ಳಲು ತುಂಬ ಶ್ರಮಪಡುತ್ತಾರೆ. ಬಿಗಿಯಾಗಿ ಒತ್ತಿ ಕೂರಿಸಿದ ರೋಬೋ ಕೀಲು ಸದಾ ಎಳೆತದಲ್ಲೇ ಇರುತ್ತದೆ. ಭಾಗಗಳ ಮೈಮೇಲಿನ ಗೆರೆಗಳಿಗೆ ಕಪ್ಪು ತುಂಬಲು ಬಳಸುವ ಎನಾಮಲ್ ಥಿನ್ನರ್ ಅಲ್ಲಿಗೆ ಧಾರಾಳವಾಗಿ ಹರಿದರೆ ರಾತ್ರಿ ಕಳೆಯುವುದರೊಳಗೆ ಕೀಲು ಸೀಳುವುದುಂಟು. ಜೋಡಿಸುವ ಮುಂಚೆಯೇ ಬಣ್ಣ ಮುಗಿಸುವುದು, ಕುಂಚದ ತುದಿಯಷ್ಟೇ ಥಿನ್ನರ್ ಬಳಸುವುದು ಒಳ್ಳೆಯದು.

ಬಣ್ಣಗಳು ಒಣಗುವ ಬಗೆ ಒಂದೇ ಅಲ್ಲ. ಲ್ಯಾಕರಿನಲ್ಲಿ ರಾಳವೊಂದು ದ್ರಾವಕದಲ್ಲಿ ಕರಗಿರುತ್ತದೆ. ದ್ರಾವಕ ಆವಿಯಾದರೆ ರಾಳ ಉಳಿಯುತ್ತದೆ, ಮತ್ತೆ ಅದೇ ದ್ರಾವಕ ಸುರಿದರೆ ಮತ್ತೆ ಕರಗುತ್ತದೆ. ನೀರಿನ ಅಕ್ರಿಲಿಕ್‌ನಲ್ಲಿ ರಾಳದ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿದ್ದು, ನೀರು ಆರಿದಾಗ ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಎನಾಮಲ್ ಮಾತ್ರ ಗಾಳಿಯ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗುತ್ತದೆ. ಅದರ ಮೂಲದಲ್ಲಿರುವ ಎಣ್ಣೆಯ ಸರಪಳಿಗಳಲ್ಲಿ ಜೋಡಿಬಂಧಗಳಿದ್ದು, ಆಮ್ಲಜನಕ ಅವುಗಳ ಮೂಲಕ ಸರಪಳಿ ಸರಪಳಿಗೆ ಗಂಟು ಹಾಕುತ್ತದೆ. ಅಗಸೆ ಎಣ್ಣೆಯಲ್ಲಿ ಇಂಥ ಜೋಡಿಬಂಧಗಳು ಯಥೇಚ್ಛ, ಆದ್ದರಿಂದಲೇ ಶತಮಾನಗಳಿಂದ ಅದು ಚಿತ್ರಕಾರರ ಎಣ್ಣೆ. ಕೊಬ್ಬರಿ ಎಣ್ಣೆಯ ಸುಮಾರು ಶೇ. 90 ಭಾಗ ಜೋಡಿಬಂಧವಿಲ್ಲದ ಪರ್ಯಾಪ್ತ ಕೊಬ್ಬು. ಗಾಣದ ಹಲಗೆಗೆ ವರ್ಷಗಟ್ಟಲೆ ಚೆಲ್ಲಿದರೂ ಅದು ಒಣಗಿ ಪೊರೆ ಕಟ್ಟುವುದಿಲ್ಲ, ಜಿಡ್ಡಾಗಿಯೇ ಇರುತ್ತದೆ. ಹಾಗೆಂದು ಬಣ್ಣದ ಲೋಕಕ್ಕೆ ಕೊಬ್ಬರಿ ಎಣ್ಣೆ ಹೊರಗಿನದಲ್ಲ. ಅದನ್ನು ಬಳಸಿ ಮಾಡಿದ ಆಲ್ಕಿಡ್ ರಾಳ ಮರದ ಪೀಠೋಪಕರಣಗಳ ಲ್ಯಾಕರಿಗೆ ಬಾಗುವ ಗುಣ ಕೊಡುತ್ತದೆ. ಜೋಡಿಬಂಧ ಕಡಿಮೆಯಾದ್ದರಿಂದ ಬಿಳಿ ಬಣ್ಣ ಹಳದಿಗೆ ತಿರುಗುವುದೂ ಕಡಿಮೆ.

ಪದರಗಳ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ತಳಕ್ಕೆ ಲ್ಯಾಕರ್, ಅದು ಪೂರ್ತಿ ಆರಿದ ಮೇಲೆ ಗೆರೆಗಳಿಗೆ ಎನಾಮಲ್. ಎನಾಮಲ್‌ನ ಸೌಮ್ಯ ಥಿನ್ನರಿಗೆ ಲ್ಯಾಕರ್ ಕರಗುವುದಿಲ್ಲ. ಹೆಚ್ಚಾದ ಕಪ್ಪನ್ನು ಒರೆಸಿದರೆ ತಳದ ಬಣ್ಣ ಹಾಗೇ ಉಳಿಯುತ್ತದೆ. ತಿರುಗುಮುರುಗು ಮಾಡಿದರೆ ಲ್ಯಾಕರಿನ ಖಾರದ ದ್ರಾವಕ ಕೆಳಗಿನ ಎನಾಮಲ್ಲನ್ನು ಸುಕ್ಕುಗಟ್ಟಿಸುತ್ತದೆ. ಮಳೆ ಹಿಡಿದ ಸಂಜೆ ಲ್ಯಾಕರ್ ಹೊಡೆಯುವುದೂ ಸಲ್ಲ. ದ್ರಾವಕ ಆವಿಯಾಗುವಾಗ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ, ತಣ್ಣಗಾದ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಇಳಿಯುತ್ತದೆ, ಬಣ್ಣ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕೊಬ್ಬರಿಯನ್ನು ಒಣಗಿಸುವ ಬಯಲುಸೀಮೆಯ ಗಾಳಿ ಇಲ್ಲಿ ದೊಡ್ಡ ಅನುಕೂಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಬಿಟ್ಟರೆ ವರ್ಷದ ಬಹುಪಾಲು ದಿನ ಬಣ್ಣಕ್ಕೆ ತಕ್ಕ ಹವೆ ಇರುತ್ತದೆ.

ದ್ರಾವಕವೇ ಇಲ್ಲದೆ ಆಟಿಕೆಗೆ ಬಣ್ಣ ಹಾಕುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಮೆದುವಾಗಿ ಮರಕ್ಕೆ ಹತ್ತುತ್ತದೆ. ಒಣ ಗರಿಯನ್ನು ಒತ್ತಿ ಹಿಡಿದರೆ ಹರಡಿ ಹೊಳೆಯುತ್ತದೆ. ಗಾಳಿಗೆ ಏನನ್ನೂ ಬಿಡದ ಬಣ್ಣ ಅದು. ಆದರೆ ಲೇತಿನಲ್ಲಿ ತಿರುಗುವ ದುಂಡು ಆಕಾರಕ್ಕೆ ಮಾತ್ರ ಸಾಧ್ಯ. ಮೂಲೆ ಮೂಲೆಗಳ ರೋಬೋವಿಗೆ, ಅದರಲ್ಲೂ 100 ಡಿಗ್ರಿಗೆ ಮೆತ್ತಗಾಗುವ ಪ್ಲಾಸ್ಟಿಕ್ಕಿಗೆ, ಈ ದಾರಿಯಿಲ್ಲ. ಅಲ್ಲಿ ದ್ರಾವಕದ ಆವಿಯನ್ನು ಎದುರಿಸಲೇಬೇಕು.

ಸ್ಪ್ರೇ ಕ್ಯಾನಿನ ಒಂದು ಒತ್ತಿಗೆ ಎರಡು ಬಗೆಯ ವಸ್ತು ಗಾಳಿಗೆ ಬರುತ್ತದೆ: ಬಣ್ಣದ ಸಣ್ಣ ಹನಿಗಳು, ಮತ್ತು ಟಾಲೀನ್, ಬ್ಯುಟೈಲ್ ಅಸಿಟೇಟ್, ಅಸಿಟೋನ್‌ಗಳಂಥ ದ್ರಾವಕಗಳ ಆವಿ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಎನ್95 ಮುಖಗವಸು ಹನಿಗಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿ ಎಂದರೆ ಬಿಡಿಬಿಡಿ ಅಣುಗಳು, ಯಾವ ಬಟ್ಟೆಯ ಜಾಲರಿಯೂ ಅವನ್ನು ಸೋಸಲಾರದು. ಅವನ್ನು ಹಿಡಿದಿಡುವ ಮೈ ಬೇಕು.

ಚಿಪ್ಪಿನ ಕೆಲಸ ಶುರುವಾಗುವುದು ಇಲ್ಲಿ. ಚಿಪ್ಪನ್ನು ಗಾಳಿ ಸಾಲದಂತೆ ಮುಚ್ಚಿ ಸುಟ್ಟರೆ ನೀರು, ಟಾರು, ಅನಿಲಗಳು ಹೊರಟು ಇಂಗಾಲ ಉಳಿಯುತ್ತದೆ. ನೂರು ಕಿಲೋ ಚಿಪ್ಪಿಗೆ ಸುಮಾರು ಮೂವತ್ತು ಕಿಲೋ ಇದ್ದಿಲು. ಈ ಇದ್ದಿಲನ್ನು 800ರಿಂದ 1000 ಡಿಗ್ರಿಯಲ್ಲಿ ಹಬೆಗೆ ಒಡ್ಡಿದರೆ ಹಬೆ ಇಂಗಾಲವನ್ನು ಅಲ್ಲಲ್ಲಿ ಕೊರೆದು ಕಾರ್ಬನ್ ಮಾನಾಕ್ಸೈಡ್, ಜಲಜನಕಗಳಾಗಿ ಒಯ್ಯುತ್ತದೆ. ಉಳಿಯುವುದು ಹತ್ತು ಕಿಲೋ ಆಸುಪಾಸಿನ ಆಕ್ಟಿವೇಟೆಡ್ ಕಾರ್ಬನ್, ಅದರ ಮೈತುಂಬ ತೂತುಗಳು. ಒಂದು ಗ್ರಾಂನ ಒಳಮೈಯನ್ನೆಲ್ಲ ಬಿಡಿಸಿ ಹರವಿದರೆ ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ. ನಾಲ್ಕು ಗ್ರಾಂಗೆ ಒಂದು ಎಕರೆ. ಮೂವತ್ತಡಿ ಅಂತರದಲ್ಲಿ ನೆಟ್ಟರೆ ನಲವತ್ತೆಂಟು ತೆಂಗಿನ ಮರ ಹಿಡಿಯುವಷ್ಟು ಜಾಗ.

ವಿಸ್ತೀರ್ಣ ಒಂದೇ ಸಾಲದು, ತೂತಿನ ಅಗಲವೂ ಮುಖ್ಯ. ತೆಂಗಿನ ಚಿಪ್ಪು ಲಿಗ್ನಿನ್ ತುಂಬಿದ, ದಟ್ಟವಾದ, ಬೂದಿ ಕಡಿಮೆ ಕೊಡುವ ವಸ್ತು. ಅದರಿಂದಾದ ಕಾರ್ಬನ್ನಿನ ತೂತುಗಳು ಬಹುಪಾಲು ಎರಡು ನ್ಯಾನೊಮೀಟರಿಗಿಂತ ಕಿರಿದು. ಟಾಲೀನ್ ಅಣುವಿನ ಅಗಲ ಸುಮಾರು 0.6 ನ್ಯಾನೊಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಹೊಕ್ಕ ಅಣುವನ್ನು ಎದುರುಬದುರಿನ ಎರಡೂ ಗೋಡೆಗಳು ಒಟ್ಟಿಗೆ ಸೆಳೆಯುತ್ತವೆ, ಅದು ಅಲ್ಲೇ ಕೂತುಬಿಡುತ್ತದೆ. ರಾಸಾಯನಿಕ ಕ್ರಿಯೆ ಏನೂ ನಡೆಯುವುದಿಲ್ಲ. ಕಲ್ಲಿದ್ದಲಿನಿಂದ ಮಾಡಿದ ಕಾರ್ಬನ್ನಿನಲ್ಲಿ ಅಗಲದ ತೂತುಗಳು ಹೆಚ್ಚು. ಸಣ್ಣ ಅಣುಗಳ ಆವಿಗೆ ಚಿಪ್ಪಿನ ಕಾರ್ಬನ್ನೇ ಮೇಲು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ತೆಂಗಿನ ಚಿಪ್ಪೇ ಅತ್ಯುತ್ತಮ ಎಂದು ಕಂಡುಕೊಂಡ ಅಮೆರಿಕದವರು, ಚಿಪ್ಪು ಸಾಲದೆ 1918ರಲ್ಲಿ ಪೀಚ್ ಹಣ್ಣಿನ ಓಟೆ, ಅಕ್ರೋಟಿನ ಚಿಪ್ಪುಗಳನ್ನು ಮನೆಮನೆಯಿಂದ ಒಟ್ಟುಮಾಡಿದರು.

ನಮ್ಮ ಸೀಮೆಯಲ್ಲಿ ಚಿಪ್ಪು ಸುಡುವ ಘಟಕಗಳಿವೆ. ಹಳೆಯ ಗುಂಡಿ ಪದ್ಧತಿಯಲ್ಲಿ ಟಾರಿನ ಹೊಗೆಯೆಲ್ಲ ಊರಿನ ಮೇಲೆ ಹೋಗುತ್ತದೆ. ಆ ಹೊಗೆಯೇ ಉರಿಯುವ ಅನಿಲ. ಅದನ್ನು ಕೊಳವೆಯಲ್ಲಿ ಹಿಡಿದು ಕುಲುಮೆಗೆ ತಿರುಗಿಸಿದರೆ ಹಬೆ ಕಾಯಿಸುವ ಶಾಖದ ಒಂದಷ್ಟು ಪಾಲು ಅಲ್ಲೇ ಸಿಗುತ್ತದೆ. ಹೊಗೆ ಕುಡಿದು ಇದ್ದಿಲು ಮಾಡುವ ಕಷ್ಟ ಇಲ್ಲಿನವರದು, ಹಬೆ ಕೊಟ್ಟ ಮೇಲಿನ ಬೆಲೆ ಬೇರೆ ಕಡೆಯವರದು ಎಂದಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹವ್ಯಾಸಿಗೆ ನನ್ನ ಸಲಹೆ: ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗಿಂತ ಮೊದಲು ಮುಖವಾಡ ಕೊಳ್ಳಿ. ಹನಿಗಳನ್ನು ತಡೆಯುವ ಪದರ ಮುಂದೆ, ಕಾರ್ಬನ್ ಡಬ್ಬಿ ಹಿಂದೆ, ಎರಡೂ ಇರಬೇಕು. ಇಲ್ಲದಿದ್ದರೆ ಹನಿಗಳೇ ಕಾರ್ಬನ್ನಿನ ಬಾಯಿ ಕಟ್ಟುತ್ತವೆ. ಗಡ್ಡವಿದ್ದರೆ ಅಂಚು ಮುಖಕ್ಕೆ ಕೂರದೆ ಪಕ್ಕದಿಂದ ಆವಿ ನುಗ್ಗುತ್ತದೆ. ಮುಖವಾಡ ಇದ್ದರೂ ಕಿಟಕಿ ತೆರೆದಿರಲಿ, ಹತ್ತಿರ ಒಲೆಯಾಗಲಿ ದೀಪವಾಗಲಿ ಬೇಡ. ಅಸಿಟೋನಿನಂಥ ಹಗುರ ಆವಿ ಟಾಲೀನಿಗಿಂತ ಬೇಗ ಕಾರ್ಬನ್ ದಾಟಿ ಬರುತ್ತದೆ. ತೇವದ ದಿನ ನೀರಿನ ಅಣುಗಳೂ ಅದೇ ತೂತುಗಳಿಗೆ ಪೈಪೋಟಿ ನಡೆಸುತ್ತವೆ. ಡಬ್ಬಿಯನ್ನು ಹೊರಗೇ ನೇತುಹಾಕಿದರೆ ಬಳಸದಿದ್ದರೂ ತುಂಬುತ್ತಾ ಹೋಗುತ್ತದೆ; ಗಾಳಿಯಾಡದ ಚೀಲದಲ್ಲಿಟ್ಟು, ತೆರೆದ ತಾರೀಖನ್ನು ಮೇಲೆ ಬರೆಯಿರಿ. ಮುಖವಾಡದೊಳಗೆ ಬಣ್ಣದ ವಾಸನೆ ಸುಳಿದ ಕೂಡಲೇ ಡಬ್ಬಿ ಬದಲಿಸಬೇಕು. ಹಳೆಯ ಡಬ್ಬಿಯ ಹರಳುಗಳು ಇದ್ದಿಲೇ ಅಲ್ಲವೇ ಎಂದು ಬಚ್ಚಲ ಒಲೆಗೆ ಸುರಿಯಬೇಡಿ. ಬಿಸಿ ತಗುಲಿದರೆ ತೂತುಗಳಲ್ಲಿ ಕೂತ ದ್ರಾವಕವೆಲ್ಲ ಒಮ್ಮೆಗೇ ಹೊರಬರುತ್ತದೆ.